ಎರಡು ವರ್ಷ ಹೆಚ್ಚಿಗೆ ಬರೆದ ಮೇಷ್ಟ್ರು

ಈ ವರ್ಷ, ೧೯೭೯ರ ಮೇ ತಿಂಗಳ ಕೊನೆಯ ದಿನ ಹೊಸದುರ್ಗ ತಾಲ್ಲೂಕಿನ ಹಳ್ಳಿಯೊಂದರ ಹೆಡ್‌ಮೇಷ್ಟ್ರು ನಿವೃತ್ತರಾದರು. ಹಾರ ಹಾಕಲಿಲ್ಲ, ಶಾಲು ಹೊದಿಸಲಿಲ್ಲ, ಮಕ್ಕಳನ್ನು ಸಾಲಾಗಿ ಕೂರಿಸಿ ಫೋಟೋ ತೆಗೆಸಲಿಲ್ಲ. ಅಮಾನತಿನಲ್ಲಿರುವವರನ್ನು ಹಾಗೆಲ್ಲ ಬೀಳ್ಕೊಡುವ ಪದ್ಧತಿಯಿಲ್ಲ. ಅಂದು ಬೆಳಿಗ್ಗೆ ಅವರು ಎಂದಿನಂತೆ ಸ್ಕೂಲಿನವರೆಗೆ ನಡೆದು ಹೋಗಿ, ರಜೆಯಾದ್ದರಿಂದ ಬೀಗ ಹಾಕಿದ್ದ ಬಾಗಿಲ ಮುಂದೆ ಸ್ವಲ್ಪ ಹೊತ್ತು ನಿಂತು, ಮೆಟ್ಟಿಲ ಮೇಲೆ ಬಿದ್ದಿದ್ದ ಹೊಂಗೆ ಎಲೆಗಳನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ ಮನೆಗೆ ಬಂದರಂತೆ. ನೋಡಿದ್ದು ನನ್ನ ತಾಯಿ.

ಅಮಾನತು ಮಾಡಿದ್ದು ಇಲಾಖೆ. ಮಾಡಿಸಿದ್ದು ನಾನು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಇಲಾಖೆಯ ವಿಚಾರಣೆ ಇನ್ನೂ ಮುಗಿದಿಲ್ಲ ಎಂಬುದು ಒಂದು ಕಾರಣ. ಆ ಹೆಸರನ್ನು ನಾನು ಕೊನೆಯ ಸಲ ಗಟ್ಟಿಯಾಗಿ ಉಚ್ಚರಿಸಿದ್ದು ಕೋರ್ಟಿನಲ್ಲಿ, ಅವರು ಸಾಕ್ಷಿಕಟ್ಟೆಯಲ್ಲಿ ನಿಂತಿದ್ದಾಗ. ಅದು ಇನ್ನೊಂದು ಕಾರಣ.

ಅವರನ್ನು ಮಹಾತ್ಮರನ್ನಾಗಿ ಮಾಡಲು ನಾನು ಹೊರಟಿಲ್ಲ. ಹಾಗೆ ಮಾಡಿದರೆ ಮೊದಲು ನಗುವವರು ಅವರೇ. ತುರುವನೂರಿನವರು, ಸ್ವಾತಂತ್ರ್ಯ ಚಳವಳಿಯಲ್ಲಿ ಅಲ್ಲಿ ಹೆಂಡ ಇಳಿಸುವ ಈಚಲು ಮರ ಕಡಿದರಲ್ಲ, ಆಗ ಇವರಿಗೆ ಹದಿನೈದು ವರ್ಷ. ಯಾರಾದರೂ ಭಾಷಣದಲ್ಲಿ ಇವರನ್ನು ಹೋರಾಟಗಾರ ಎಂದರೆ ತಕ್ಷಣ ಎದ್ದು ನಿಲ್ಲುತ್ತಿದ್ದರು. "ನಾ ಮರ ಕಡಿದೋನಲ್ಲಪ್ಪ. ಕಡಿಯೋರಿಗೆ ಬಿಂದಿಗ್ಯಾಗೆ ನೀರು ತಂದುಕೊಟ್ಟೋನು. ಅದರಾಗೂ ಅರ್ಧ ದಾರಿಯಾಗೇ ಚೆಲ್ಲಿದ್ದೆ" ಎಂದು ಕುಳಿತುಕೊಳ್ಳುತ್ತಿದ್ದರು. ಬಡಕಲು ದೇಹ, ಗಿಡ್ಡ ಪಂಚೆ, ಮೂಗಿನ ಕೆಳಗೆ ಯಾವಾಗಲೂ ನಶ್ಯದ ಕಂದು ಗೆರೆ. ಕೋಪ ಬಂದರೆ ಕಿವಿ ಹಿಂಡುತ್ತಿದ್ದರು, ಅದೂ ತಪ್ಪು ಮಾಡಿದವನದ್ದಲ್ಲ, ಹತ್ತಿರ ಸಿಕ್ಕವನದ್ದು. ತಮ್ಮ ಅಕ್ಷರದ ಬಗ್ಗೆ ವಿಪರೀತ ಜಂಬ. ಇಡೀ ಹೋಬಳಿಯಲ್ಲಿ ಅಷ್ಟು ದುಂಡಗೆ ಬರೆಯುವವರು ಇನ್ನೊಬ್ಬರಿಲ್ಲ ಎಂದು ತಾವೇ ಹೇಳಿಕೊಳ್ಳುತ್ತಿದ್ದರು. ಅದು ನಿಜವೂ ಆಗಿತ್ತು. ಮುಂದೆ ಅವರನ್ನು ಹಿಡಿದುಕೊಟ್ಟದ್ದು ಆ ಅಕ್ಷರವೇ.

ಜೂನ್ ಬಂತೆಂದರೆ ದಾಖಲಾತಿ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಮನೆ ತಿರುಗುತ್ತಿದ್ದರು. ನಮ್ಮೂರಿನ ಅರ್ಧಕ್ಕರ್ಧ ಜನ ಕುರಿ ಸಾಕುವವರು. ಕುರಿ ಮರಿ ಹಾಕಿದ ದಿನ ನೆನಪಿಟ್ಟುಕೊಳ್ಳುವವರಿಗೂ ಮಕ್ಕಳು ಹುಟ್ಟಿದ ದಿನ ನೆನಪಿರುತ್ತಿರಲಿಲ್ಲ. ಹಾಗಾಗಿ ವಯಸ್ಸು ತಿಳಿಯಲು ಮೇಷ್ಟ್ರ ಬಳಿ ಎಲ್ಲ ಹಳ್ಳಿಗಳಲ್ಲೂ ನಡೆಯುವ ಆ ಪರೀಕ್ಷೆ ಇತ್ತು: ಮಗು ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿಯನ್ನು ಮುಟ್ಟಬೇಕು. ಮುಟ್ಟಿದರೆ ಆರು ವರ್ಷ. ಮುಟ್ಟದಿದ್ದರೆ ಮುಂದಿನ ವರ್ಷ ಬಾ. ಆದರೆ ಇವರು ಯಾರನ್ನೂ ಮುಂದಿನ ವರ್ಷಕ್ಕೆ ಬಿಡುತ್ತಿರಲಿಲ್ಲ. "ಮುಂದಿನ ವರ್ಷಕ್ಕೆ ಇವನು ಕುರಿ ಹಿಂದೆ ಹೋಗಿರ್ತಾನೆ, ಇವಳು ಕೂಸು ಎತ್ಕಂಡಿರ್ತಾಳೆ" ಎನ್ನುತ್ತಿದ್ದರು. ಕೈ ಗಿಡ್ಡವಾದರೆ ಮಗುವಿನ ತಲೆಯನ್ನು ತಾವೇ ಒಂದಿಷ್ಟು ಬಾಗಿಸುತ್ತಿದ್ದರು. "ಹ್ಞೂಂ, ಇನ್ನೊಂಚೂರು ಬಗ್ಗು ಮಗಾ... ಮುಟ್ತು ನೋಡ್ರಿ!" ಆಮೇಲೆ ದುಂಡಗಿನ ಅಕ್ಷರದಲ್ಲಿ ಜೂನ್ ಒಂದು. ನಮ್ಮೂರಿನ ಮಕ್ಕಳೆಲ್ಲ ಹುಟ್ಟಿದ್ದು ಜೂನ್ ಒಂದನೇ ತಾರೀಖು. ಸ್ಕೂಲ್ ಇನ್‌ಸ್ಪೆಕ್ಟರೊಬ್ಬರು ಒಮ್ಮೆ, "ಏನ್ರೀ ಮೇಷ್ಟ್ರೇ, ನಿಮ್ಮೂರ ಹೆಂಗಸರೆಲ್ಲ ಮಾತಾಡಿಕೊಂಡು ಒಂದೇ ದಿನ ಹೆರುತ್ತಾರೇನ್ರಿ?" ಎಂದು ಕೇಳಿದ್ದರು. "ಬಿತ್ತನೆಗೆ ಮುಂಚೆ ಬಿಡುವಿರೋದು ಆವಾಗ್ಲೇ ಸ್ವಾಮಿ" ಎಂದರಂತೆ ಇವರು.

ನಾನೂ ಜೂನ್ ಒಂದರವನೇ. ನನಗೂ ತಲೆ ಬಾಗಿಸಿದ್ದರು. ನನ್ನ ಎಲ್ಲ ಸರ್ಟಿಫಿಕೇಟುಗಳಲ್ಲಿ, ವಕೀಲಿ ಸನ್ನದಿನ ಅರ್ಜಿಯಲ್ಲಿ ಕೂಡ, ನನಗೆ ನನಗಿಂತ ಎರಡು ವರ್ಷ ಹೆಚ್ಚು.

ನಾನು ಆರನೇ ಕ್ಲಾಸಿನಲ್ಲಿದ್ದಾಗ ನಡೆದ ಒಂದು ದಾಖಲಾತಿ ನನಗೆ ಚೆನ್ನಾಗಿ ನೆನಪಿದೆ. ಕುರಿಗಾರನೊಬ್ಬನ ದೊಡ್ಡ ಮಗಳನ್ನು ಸ್ಕೂಲಿಗೆ ಸೇರಿಸಲು ಮೇಷ್ಟ್ರು ಮೂರು ವರ್ಷದಿಂದ ಗಂಟುಬಿದ್ದಿದ್ದರು. ಆ ದಿನ ಅಪ್ಪ ಸ್ಕೂಲಿಗೇ ಬಂದಿದ್ದ. ಹಿಂದೆ ಆ ಹುಡುಗಿ. ಅವಳ ಸೊಂಟದ ಮೇಲೆ ಮೂಗು ಸೋರುತ್ತಿದ್ದ ತಂಗಿ.

"ಇವಳು ಬಂದ್ರೆ ಈ ಕೂಸ್ನ ನೋಡ್ಕಳ್ಳೋರು ಯಾರು ಸಾ? ಅವರವ್ವ ಕೂಲಿಗೆ ಹೋಗ್ತಾಳೆ."

"ಕೂಸ್ನೂ ಸೇರಿಸು."

"ಅದಕ್ಕಿನ್ನೂ ನಾಕು ತುಂಬಿಲ್ಲ. ಹೋದ ದೀಪಾವಳಿಗೆ ಮೂರು ತುಂಬ್ತು."

"ನಿಂಗೆ ಗೊತ್ತಾ, ಪುಸ್ತಕಕ್ಕೆ ಗೊತ್ತಾ? ಇಳಿಸೇ ಅದನ್ನ."

ಇಳಿಸಿದಳು. ಮಗುವಿನ ಕೈ ನೆತ್ತಿಯ ತನಕ ಮಾತ್ರ ಹೋಯಿತು. ಮೇಷ್ಟ್ರು ತಲೆ ಬಾಗಿಸಿದರು, ಕೈ ಎಳೆದರು, ಕೊನೆಗೆ ಕಿವಿಯನ್ನೇ ಮೇಲಕ್ಕೆ ಎಳೆದರು. ಮಗು ಕಿರುಚಿತು, ನಾವೆಲ್ಲ ಹೋ ಎಂದು ನಕ್ಕೆವು. ಆರು ವರ್ಷ ಎಂದು ಬರೆದರು. ಹೀಗೆ ಅಕ್ಕನನ್ನು ತರಲು ತಂಗಿಯನ್ನು ಸೇರಿಸಿದ್ದು. ಅಕ್ಕ ನಾಲ್ಕನೆಯ ಕ್ಲಾಸಿಗೆ ಬಿಟ್ಟಳು. ತಂಗಿ ಒಂದನೇ ಕ್ಲಾಸಿನಲ್ಲಿ ಮೂರು ವರ್ಷ ನಿದ್ದೆ ಮಾಡಿ, ಆಮೇಲೆ ಎಚ್ಚರವಾಗಿ, ಓದುತ್ತ ಹೋದಳು.

ಇನ್ನು ಅವರ ಶನಿವಾರ. ಶನಿವಾರ ಬೆಳಿಗ್ಗೆ ಕೊನೆಯ ಪಿರಿಯಡ್ಡು ಚರ್ಚೆ. ಹೊಲ ಮೇಲೋ ಕುರಿ ಮೇಲೋ, ಹಳ್ಳಿ ಮೇಲೋ ಪಟ್ಟಣ ಮೇಲೋ. ಒಬ್ಬ ಒಂದು ಪಕ್ಷ ಹಿಡಿದು ವಾದಿಸಿ, ಎಲ್ಲರ ಚಪ್ಪಾಳೆ ತೆಗೆದುಕೊಂಡು, ಇನ್ನೇನು ಕುಳಿತುಕೊಳ್ಳಬೇಕು, ಆಗ ಮೇಷ್ಟ್ರು, "ಎದ್ದೇಳಲೇ. ಈಗ ಆ ಕಡೆ ಹೋಗಿ ನಿಂತ್ಕಂಡು ಹೇಳು" ಎನ್ನುತ್ತಿದ್ದರು. ಅವನದೇ ಮಾತನ್ನು ಅವನೇ ಮುರಿಯಬೇಕು. ಎದುರಿಗಿರುವವನಿಗೂ ಒಂದು ಕಷ್ಟವಿದೆ ಎಂದು ನಮಗೆ ತಿಳಿಯಲಿ ಎಂಬುದು ಅವರ ಉದ್ದೇಶ. ನಾನು ಕಲಿತದ್ದು ಬೇರೆ: ಯಾವ ಕಡೆ ನಿಂತರೂ ಗೆಲ್ಲಬಹುದು ಎಂಬುದು. ಆ ವಿದ್ಯೆಯಿಂದ ಹೊಳಲ್ಕೆರೆಯಲ್ಲಿ, ಹಿರಿಯೂರಿನಲ್ಲಿ, ನಮ್ಮ ಜಿಲ್ಲಾ ಕೇಂದ್ರ ದುರ್ಗದ ಕಾಲೇಜಿನಲ್ಲಿ ಗೆದ್ದ ಕಪ್ಪುಗಳು ನಮ್ಮ ಮನೆಯ ಗೂಡಿನಲ್ಲಿ ಸಾಲಾಗಿ ಕುಳಿತಿವೆ. ಕೊನೆಯದು ಈ ವರ್ಷದ್ದೇ. ಇದನ್ನು ಅಂತರರಾಷ್ಟ್ರೀಯ ಮಕ್ಕಳ ವರ್ಷವೆಂದು ಸಾರಿದ್ದಾರಲ್ಲ, ಅದಕ್ಕಾಗಿ ದುರ್ಗದಲ್ಲಿ ಒಂದು ಭಾಷಣ ಸ್ಪರ್ಧೆ ನಡೆಯಿತು. ವಿಷಯ: ಮಕ್ಕಳ ಹಕ್ಕುಗಳನ್ನು ಕಾಯಲು ಕಾನೂನು ಸಾಕೇ? ಸಾಲದು ಎಂದು ವಾದಿಸಿದೆ. ಮೊದಲ ಬಹುಮಾನ ಬಂತು. ಅದಾಗಿ ಹದಿನೈದು ದಿನಕ್ಕೆ, ಸಾಲದು ಎಂಬುದನ್ನು ಕೋರ್ಟಿನಲ್ಲಿ ಸಾಧಿಸಿಯೂ ತೋರಿಸಿದೆ.

ಆಗಿದ್ದು ಇಷ್ಟು. ಹೆಣ್ಣುಮಕ್ಕಳ ಮದುವೆಗೆ ಹದಿನೈದು ತುಂಬಿದ್ದರೆ ಸಾಕು ಎಂದಿದ್ದ ಕಾನೂನನ್ನು ತಿದ್ದಿ, ಹೋದ ವರ್ಷ ಹದಿನೆಂಟು ಮಾಡಿದರು. ದೆಹಲಿಯಲ್ಲಿ ಕುಳಿತವರು ಮೂರು ವರ್ಷ ಏರಿಸಿದರು. ನಮ್ಮ ಮೇಷ್ಟ್ರು ಅದಕ್ಕೆ ಎಷ್ಟೋ ಮೊದಲೇ, ಸ್ಕೂಲಿನ ಮೆಟ್ಟಿಲ ಮೇಲೆ ಕುಳಿತು, ಹುಡುಗಿಯರಿಗೆ ಎರಡೆರಡು ವರ್ಷ ಏರಿಸಿಬಿಟ್ಟಿದ್ದರು.

ಕುರಿಗಾರನ ಮನೆಯ ಆ ತಂಗಿ ಆಗ ಪಕ್ಕದ ಊರಿನ ಹೈಸ್ಕೂಲಿನಲ್ಲಿ ಎಸ್ಸೆಸ್ಸೆಲ್ಸಿ. ಮಾರ್ಚಿನಲ್ಲಿ ಪರೀಕ್ಷೆ. ಪಾಸಾದರೆ ಟೀಚರ್ ಟ್ರೈನಿಂಗಿಗೆ ಹಾಕಬೇಕು, ನಮ್ಮೂರಿನಿಂದ ಮೊದಲ ಹೆಣ್ಣು ಮೇಷ್ಟ್ರು ಇವಳೇ ಎಂದು ಹೆಡ್‌ಮೇಷ್ಟ್ರು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ಫೆಬ್ರವರಿಯಲ್ಲಿ ಅಪ್ಪ ಮದುವೆ ಗೊತ್ತುಮಾಡಿದ. ಗಂಡು ಹಿರಿಯೂರಿನ ಕಡೆಯವನು. ಮೇಷ್ಟ್ರು ಹೋಗಿ ಬೇಡಿಕೊಂಡರು, ಬೈದರು, ಪರೀಕ್ಷೆ ಮುಗಿಯುವವರೆಗಾದರೂ ತಡೆ ಎಂದರು. "ಮಾರಿಕಣಿವೆ ಡ್ಯಾಮಿನ ನೀರು ಹರಿಯೋ ಹೊಲ ಐತೆ ಸಾ ಅವರ್ದು. ನಮ್ಮಂತೋರ ಮನೆ ಬಾಗ್ಲಿಗೆ ಇಂತಾ ಸಂಬಂಧ ಇನ್ನೊಂದ್ಸಾರಿ ಬರುತ್ತಾ?" ಎಂದ ಅಪ್ಪ. ಅವನು ಕೆಟ್ಟವನಲ್ಲ. ಕೊನೆಗೆ ಮೇಷ್ಟ್ರು ಆ ಹೊಸ ಕಾನೂನನ್ನು ಹುಡುಕಿಕೊಂಡು, ಮದುವೆ ತಡೆಯಿರಿ ಎಂದು ಹೊಸದುರ್ಗದ ಕೋರ್ಟಿಗೆ ಅರ್ಜಿ ಕೊಟ್ಟರು.

ಹುಡುಗಿಯ ಅಪ್ಪ ಬಂದದ್ದು ದುರ್ಗದಲ್ಲಿ ನಾನು ಕೆಲಸ ಕಲಿಯುತ್ತಿರುವ ಹಿರಿಯ ವಕೀಲರ ಆಫೀಸಿಗೆ. ಸೀನಿಯರ್ ಕಾಗದ ನೋಡಿ ನಕ್ಕರು. "ನಿಮ್ಮೂರಿನದೇ ಅಲ್ವೇನಯ್ಯ? ನಿಮ್ಮ ಮೇಷ್ಟ್ರೇ ಅಲ್ವಾ? ಅವರ ಪಟ್ಟು ನಿನಗೆ ಗೊತ್ತಿರುತ್ತೆ. ನೀನೇ ನಡೆಸು." ಅದು ನನ್ನ ಮೊದಲ ಪಾಟಿಸವಾಲು. ಬೇಡ ಎನ್ನಬಹುದಿತ್ತು. ಬೇಡ ಎನ್ನುವ ಯೋಚನೆಯೇ ಬರಲಿಲ್ಲ. ಬಂದದ್ದು, ದಾಖಲಾತಿ ಪುಸ್ತಕವನ್ನು ತರಿಸಬೇಕು ಎಂಬ ಯೋಚನೆ.

ಪುಸ್ತಕ ಬಂತು. ಮೇಷ್ಟ್ರು ಸಾಕ್ಷಿಕಟ್ಟೆ ಹತ್ತಿದರು. ನನ್ನನ್ನು ಕರಿ ಕೋಟಿನಲ್ಲಿ ನೋಡಿ, ಅಲ್ಲಿ ನಿಂತೇ, ಸಣ್ಣಗೆ ನಕ್ಕರು. ಆ ನಗೆಯಲ್ಲಿ ಹೆಮ್ಮೆ ಇತ್ತು. ಅದನ್ನು ನಾನು ನೋಡಿದೆ, ನೋಡಿಯೂ ಶುರುಮಾಡಿದೆ.

"ಈ ಅಕ್ಷರ ಯಾರದ್ದು?"

"ನಂದೇ."

"ಸಹಿ?"

"ನಂದೇ."

"ಈ ಪುಸ್ತಕದ ಪ್ರಕಾರ ಹುಡುಗಿಗೆ ಹೋದ ಜೂನ್ ಒಂದಕ್ಕೇ ಹದಿನೆಂಟು ತುಂಬಿದೆ. ಸರಿಯೇ?"

"ಪುಸ್ತಕದ ಪ್ರಕಾರ ಸರಿ. ಆದರೆ ಅದು ಸುಳ್ಳು ಸ್ವಾಮಿ. ಆ ಮಗೂಗೆ ಈಗ ಹದಿನಾರು. ಸ್ಕೂಲಿಗೆ ಸೇರಿಸಬೇಕು ಅಂತ ನಾನೇ ಎರಡು ವರ್ಷ ಹೆಚ್ಚಿಗೆ ಬರೆದೆ."

ಕೋರ್ಟಿನಲ್ಲಿ ಗುಸುಗುಸು ಎದ್ದಿತು. ಸರ್ಕಾರಿ ಪುಸ್ತಕದಲ್ಲಿ ಸುಳ್ಳು ಬರೆದೆ ಎಂದು ನಿವೃತ್ತಿಗೆ ಮೂರು ತಿಂಗಳಿರುವಾಗ ಬಾಯಿಬಿಟ್ಟು ಹೇಳುವ ಮನುಷ್ಯನನ್ನು ಅಲ್ಲಿ ಯಾರೂ ನೋಡಿರಲಿಲ್ಲ. ಅವರು ಹೇಳುತ್ತಾರೆಂದು ನನಗೆ ಗೊತ್ತಿತ್ತು. ಅದಕ್ಕಾಗಿಯೇ ಕಾದಿದ್ದೆ.

"ಅಂದರೆ, ತಮಗೆ ಬೇಕಾದಾಗ ತಾವು ವಯಸ್ಸು ಏರಿಸುತ್ತೀರಿ?"

"ಮಕ್ಕಳು ಓದ್ಲಿ ಅಂತ..."

"ಹೌದೋ ಅಲ್ಲವೋ, ಅಷ್ಟೇ ಹೇಳಿ."

"ಹೌದು."

"ಈಗ ತಮಗೆ ಬೇಕಾದ್ದರಿಂದ ಇಳಿಸುತ್ತಿದ್ದೀರಿ. ಆವತ್ತಿನದು ಸುಳ್ಳಾದರೆ ಇವತ್ತಿನದನ್ನು ನಂಬುವುದು ಹೇಗೆ? ಆವತ್ತಿನದು ನಿಜವಾದರೆ ಈ ಅರ್ಜಿಯೇ ನಿಲ್ಲುವುದಿಲ್ಲ."

ಅದಕ್ಕೆ ಒಂದೇ ಒಂದು ಉತ್ತರ ಇತ್ತು, ಅದು ಅವರ ಎದುರಿಗೇ ನಿಂತಿತ್ತು. "ಇವರಿಗೂ ನಾನೇ ಎರಡು ವರ್ಷ ಹೆಚ್ಚು ಬರೆದಿದ್ದೀನಿ, ಇವರ ತಾಯಿಯನ್ನು ಕೇಳಿ ನೋಡಿ" ಎಂದು ನನ್ನ ಕಡೆ ಬೆರಳು ತೋರಿಸಿದ್ದರೆ ಸಾಕಿತ್ತು. ನನ್ನ ವಾದ ಅಲ್ಲೇ ಕುಸಿಯುತ್ತಿತ್ತು. ನನ್ನ ಸರ್ಟಿಫಿಕೇಟುಗಳ ಬಗ್ಗೆಯೂ ಪ್ರಶ್ನೆ ಏಳುತ್ತಿತ್ತು. ಅವರು ನನ್ನನ್ನು ನೋಡಿದರು. ಅದೇ ಅವರಿಗೂ ಹೊಳೆದಿತ್ತು ಎಂಬುದು ಅವರ ಕಣ್ಣಿನಲ್ಲಿ ಕಂಡಿತು. ಆಮೇಲೆ ಮ್ಯಾಜಿಸ್ಟ್ರೇಟರ ಕಡೆ ತಿರುಗಿ, "ಡಾಕ್ಟರಿಗೆ ತೋರಿಸ್ರಿ ಸ್ವಾಮಿ. ಎಕ್ಸ್‌ರೇ ತೆಗೆದು ಮೂಳೆ ನೋಡಿ ವಯಸ್ಸು ಹೇಳ್ತಾರಂತೆ" ಎಂದರು.

ಅದಕ್ಕೂ ನಾನೇ ಎದ್ದೆ. ಮರ್ಯಾದಸ್ಥ ಮನೆಯ ಕನ್ಯೆ. ಮದುವೆಗೆ ಎಂಟು ದಿನವಿರುವಾಗ ಅವಳನ್ನು ಆಸ್ಪತ್ರೆಗೆ ಎಳೆದೊಯ್ದು ಪರೀಕ್ಷೆ ಮಾಡಿಸಿದರೆ ಆ ಕುಟುಂಬ ತಲೆಯೆತ್ತಿ ಬದುಕುವುದು ಹೇಗೆ ಎಂದು ಕೇಳಿದೆ. ದನಿ ನಡುಗಿಸುವುದು ನನಗೆ ಬರುತ್ತದೆ. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಅವಳ ಅಪ್ಪ ಕಣ್ಣು ಒರೆಸಿಕೊಂಡ.

ಅರ್ಜಿ ವಜಾ ಆಯಿತು. ಸರ್ಕಾರಿ ನೌಕರ ಕರ್ತವ್ಯದಲ್ಲಿ ಬರೆದ ದಾಖಲೆ ಮುಂದಿರುವಾಗ, ಅದು ಸುಳ್ಳೆಂಬ ಅವನ ಬಾಯಿಮಾತಿಗೆ ಬೇರೆ ಆಧಾರವಿಲ್ಲ ಎಂದು ತೀರ್ಪು. ಮ್ಯಾಜಿಸ್ಟ್ರೇಟರ ತಪ್ಪೇನಿಲ್ಲ. ಅವರ ಮುಂದೆ ಇದ್ದದ್ದು ಅಷ್ಟೇ. ಆಧಾರ ನಾನಾಗಿದ್ದೆ. ಆ ಮಗುವಿನ ಕೈ ನೆತ್ತಿಯ ತನಕ ಮಾತ್ರ ಹೋದದ್ದನ್ನು ನಾನು ಕಣ್ಣಾರೆ ನೋಡಿದ್ದೆ, ನೋಡಿ ನಕ್ಕಿದ್ದೆ.

ಕಕ್ಷಿಗಾರನ ಪರ ವಾದಿಸುವುದು ವಕೀಲನ ಧರ್ಮ ಎಂದು ನನಗೆ ನಾನೇ ಹೇಳಿಕೊಂಡು ನೋಡಿದ್ದೇನೆ. ವಾದ ನಿಲ್ಲುವುದಿಲ್ಲ. ಕಕ್ಷಿಗಾರನ ಪರವಾಗಿ ವಾದಿಸುವುದು ಒಂದು. ಸುಳ್ಳೆಂದು ಗೊತ್ತಿರುವುದನ್ನು ಸತ್ಯವೆಂದು ಎತ್ತಿ ಹಿಡಿಯುವುದು ಇನ್ನೊಂದು. ಮೇಷ್ಟ್ರೂ ಸುಳ್ಳು ಬರೆಯಲಿಲ್ಲವೇ ಎಂದೂ ಕೇಳಿಕೊಂಡಿದ್ದೇನೆ. ಬರೆದರು. ಆ ಸುಳ್ಳು ಒಂದು ದಿನ ಹುಡುಗಿಯರ ಕೊರಳಿಗೇ ಸುತ್ತಿಕೊಳ್ಳಬಹುದೆಂದು ಅವರು ಯೋಚಿಸಬೇಕಿತ್ತು, ಯೋಚಿಸಲಿಲ್ಲ. ಅದು ಅವರ ತಪ್ಪು. ಆದರೆ ಅದನ್ನು ಸುತ್ತಿದ ಕೈ ನನ್ನದು.

ಹೊರಗೆ ಹುಣಸೆ ಮರದ ಕೆಳಗೆ ಹುಡುಗಿ ತಾಯಿಯ ಪಕ್ಕದಲ್ಲಿ, ಸೆರಗು ಮುಖದ ಮೇಲೆ ಎಳೆದುಕೊಂಡು ಕುಳಿತಿದ್ದಳು. ಒಳಗೆ ಎರಡು ಗಂಟೆ ಅವಳ ವಯಸ್ಸಿನ ಬಗ್ಗೆ ಮಾತಾಡಿದೆವು. ನಿನಗೇನು ಬೇಕಮ್ಮ ಎಂದು ಅವಳನ್ನು ಯಾರೂ ಕರೆದು ಕೇಳಲಿಲ್ಲ. ನಾನಂತೂ ಕೇಳಲಿಲ್ಲ. ಮೇಷ್ಟ್ರು ಛತ್ರಿ ಬಿಚ್ಚುತ್ತ ನನ್ನ ಹತ್ತಿರ ಬಂದರು.

"ಚೆನ್ನಾಗಿ ಮಾತಾಡಿದೆ ಕಣಪ್ಪ. ಎಲ್ಲೂ ಎಡವಲಿಲ್ಲ."

ನಾನು ಏನೋ ಹೇಳಲು ಹೋದೆ.

"ಇರ್ಲಿ ಬಿಡು, ಕೇಸು ಕೇಸು. ಊಟ ಮಾಡಿದೇನು? ಆ ಹೋಟ್ಲಾಗೆ ಚಿತ್ರಾನ್ನ ಸಿಗ್ತೈತೆ, ಬಾ ಹೋಗಾಣ."

ಹೋಗಲಿಲ್ಲ. ಸೀನಿಯರ್ ಕಾಯುತ್ತಿದ್ದಾರೆ ಎಂದೆ. ಸೀನಿಯರ್ ಆ ದಿನ ದುರ್ಗ ಬಿಟ್ಟು ಬಂದೇ ಇರಲಿಲ್ಲ.

ಮದುವೆ ಎಂಟು ದಿನಕ್ಕೆ ಆಯಿತು. ತೀರ್ಪಿನ ನಕಲು ಯಾರ ಕೈಯಿಂದಲೋ ಇಲಾಖೆಗೆ ತಲುಪಿ, ಹದಿನೈದು ದಿನಕ್ಕೆ ಅಮಾನತಿನ ಆರ್ಡರು ಬಂತು. ನಿವೃತ್ತಿಯಾದ ಮೇಲೂ ಪಿಂಚಣಿ ನಿಂತಿದೆ. ಪರೀಕ್ಷೆಯ ದಿನ ಮೇಷ್ಟ್ರು ಹಾಲ್ ಟಿಕೆಟ್ ಹಿಡಿದುಕೊಂಡು ಹಿರಿಯೂರಿನ ಕಡೆಯ ಆ ಮನೆಗೆ ಹೋಗಿದ್ದರಂತೆ. ಕುಂತ್ಕಳ್ರಿ ಎಂದು ಮಜ್ಜಿಗೆ ಕೊಟ್ಟರಂತೆ. ಹುಡುಗಿಯನ್ನು ಹೊರಗೆ ಕಳಿಸಲಿಲ್ಲವಂತೆ.

ಅವರ ಮನೆಗೆ ಹೋಗಬೇಕೆಂದು ನಾನು ಎರಡು ಸಲ ನಮ್ಮೂರಿನ ಬಸ್ಸು ಹತ್ತಿದೆ. ಎರಡು ಸಲವೂ ನಮ್ಮ ಮನೆಯ ಬಾಗಿಲಿಗೇ ಇಳಿದು ಒಳಗೆ ಸೇರಿಕೊಂಡೆ. ಅವರನ್ನು ಮತ್ತೆ ನೋಡಿದ್ದು ದಸರಾ ಕಳೆದ ಮೇಲೆ, ದುರ್ಗದ ದೊಡ್ಡಾಸ್ಪತ್ರೆಯಲ್ಲಿ. ಯಾವುದೋ ಹೊಡೆದಾಟದ ಕೇಸಿಗೆ ಗಾಯದ ಸರ್ಟಿಫಿಕೇಟು ತರಲು ಹೋಗಿದ್ದೆ. ಚೀಟಿ ಬರೆಸುವ ಕಿಂಡಿಯ ಮುಂದೆ ಸಾಲು. ಸಾಲಿನ ಮೊದಲಲ್ಲಿ ಛತ್ರಿ ಹಿಡಿದ ಮೇಷ್ಟ್ರು, ಅವರ ಪಕ್ಕದಲ್ಲಿ ದಪ್ಪ ಕುಂಕುಮದ ಹೆಂಗಸೊಬ್ಬಳು, ಇಬ್ಬರ ನಡುವೆ ಗೋಡೆಗೆ ಕೈಯಿಟ್ಟು ನಿಂತಿದ್ದ ಆ ಹುಡುಗಿ. ಏಳು ತಿಂಗಳ ಹೊಟ್ಟೆ. ಕಾಲು ಎಷ್ಟು ಊದಿತ್ತೆಂದರೆ ಗಂಡಸರ ಚಪ್ಪಲಿ ಹಾಕಿಕೊಂಡಿದ್ದಳು. ಹಿರಿಯೂರಿನ ಡಾಕ್ಟರು ದುರ್ಗಕ್ಕೆ ಹೋಗಿ ಎಂದಿದ್ದರಂತೆ. ಇವಳು ಮೇಷ್ಟ್ರಿಗೆ ಕಾರ್ಡು ಬರೆದಿದ್ದಳಂತೆ.

"ವಯಸ್ಸು?" ಎಂದು ಕೇಳಿದ ಗುಮಾಸ್ತ.

"ಹತ್ತೊಂಬತ್ತು" ಎಂದಳು ಕುಂಕುಮದ ಹೆಂಗಸು, ಹುಡುಗಿಯ ಅತ್ತೆ.

"ಹದ್ನೇಳು ತುಂಬಿಲ್ಲ. ಹದ್ನಾರು ಅಂತ ಬರಕಳ್ರಿ" ಎಂದರು ಮೇಷ್ಟ್ರು.

"ಏನ್ರೀ ಇದು, ಸಂತೆನೇನ್ರಿ? ಯಾರಾದ್ರೂ ಒಬ್ರು ಹೇಳ್ರಿ. ಡಾಕ್ಟ್ರಮ್ಮ ಮೊದ್ಲು ನೋಡೋದೇ ಇದನ್ನ."

ಅತ್ತೆ ಮೇಷ್ಟ್ರ ಕಡೆ ತಿರುಗಿದಳು. "ನೀವ್ಯಾಕ್ರೀ ಅಡ್ಡ ಬಾಯಿ ಹಾಕ್ತೀರಿ? ನೀವು ಬರೆದಿದ್ದೇ ಸುಳ್ಳು ಅಂತ ನೀವೇ ಒಪ್ಕಂಡಿಲ್ವಾ? ಕೋರ್ಟ್ನಾಗೆ ತೀರ್ಮಾನ ಆಗೈತೆ." ಅಷ್ಟರಲ್ಲಿ ನಾನು ಕಣ್ಣಿಗೆ ಬಿದ್ದೆ. "ಅಗಾ, ಲಾಯರೇ ಬಂದ್ರು! ಕೇಳ್ರಿ ಬೇಕಾದ್ರೆ. ಇವ್ರೇ ನಮ್ಗೆ ಗೆದ್ದು ಕೊಟ್ಟೋರು. ಬರ್ರಿ ಸಾ, ಹೇಳ್ರಿ ಇವ್ರಿಗೆ."

ಸಾಲಿಗೆ ಸಾಲೇ ನನ್ನ ಕಡೆ ತಿರುಗಿತು. ಮೇಷ್ಟ್ರು ನನ್ನನ್ನು ನೋಡಲಿಲ್ಲ. ಛತ್ರಿಯನ್ನು ಕಂಕುಳಿಗೆ ಸೇರಿಸಿ, ಕಿಂಡಿಯ ಮುಂದಿನಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ನನಗೆ ಜಾಗ ಬಿಟ್ಟರು. ಹುಡುಗಿ ಗೋಡೆಯಿಂದ ಕೈ ತೆಗೆದು ನನ್ನತ್ತ ನೋಡಿದಳು. ಅವಳ ಮುಖವನ್ನು ನಾನು ಸರಿಯಾಗಿ ನೋಡಿದ್ದು ಅದೇ ಮೊದಲು.

"ಏನಂತ ಹೇಳ್ಬೇಕು ಸಾ?" ಎಂದು ಕೇಳಿದಳು. ಸಿಟ್ಟಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದಳು.

"ಹದಿನಾರು" ಎಂದೆ.

ಗುಮಾಸ್ತ ತಲೆಯೆತ್ತಲಿಲ್ಲ. ಯಾವ ಪುಸ್ತಕದ ಪ್ರಕಾರ ಎಂದು ಕೇಳಲಿಲ್ಲ, ಸಾಕ್ಷಿ ಯಾರು ಎಂದು ಕೇಳಲಿಲ್ಲ. ಹದಿನಾರು ಎಂದು ಬರೆದು, ಚೀಟಿ ಹರಿದು, ಕಿಂಡಿಯಿಂದ ಆಚೆ ತಳ್ಳಿದ. ಅವಳು ಅದನ್ನು ತೆಗೆದುಕೊಂಡು, ಸರಿಯಾಗಿ ಬರೆದಿದ್ದಾರೋ ಇಲ್ಲವೋ ಎಂದು ನಿಂತಲ್ಲೇ ಓದಿ ನೋಡಿದಳು.